ನೀರು ಹಿಂದಿನಿಂದ ಬಂತು

ಗಳಗನಾಥದಲ್ಲಿ ಹುಟ್ಟಿ ಬೆಳೆದವರಿಗೆ ನೀರು ಎಲ್ಲಿಂದ ಬರುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿ ವರದೆ ಬಂದು ತುಂಗಭದ್ರೆಯನ್ನು ಕೂಡುತ್ತಾಳೆ. ಬೇಸಿಗೆಯಲ್ಲಿ ಹೊಳೆಯ ಬಂಡೆಗಳು ಮೇಲೆದ್ದಾಗ ನಾವು ಹುಡುಗಿಯರು ಬಟ್ಟೆಯ ಗಂಟು ಹೊತ್ತು ನಡುಹೊಳೆಯವರೆಗೂ ನಡೆದು ಹೋಗುತ್ತಿದ್ದೆವು. ಇಳಿಯುವ ಮುಂಚೆ ಒಮ್ಮೆ ಮೇಲುಹೊಳೆಯ ಕಡೆ ನೋಡಬೇಕು, ಒಮ್ಮೆ ಪಡುವಣದ ಆಕಾಶ ನೋಡಬೇಕು. ಮೋಡ ಕಟ್ಟಿಲ್ಲ, ನೀರು ಕೆಂಪಾಗಿಲ್ಲ, ಕಸಕಡ್ಡಿ ತೇಲಿ ಬರುತ್ತಿಲ್ಲ ಎಂದರೆ ಸಂಜೆಯವರೆಗೂ ಅಲ್ಲೇ ಇರಬಹುದು. ಇದನ್ನು ನನಗೆ ಕಲಿಸಿದವಳು ನನ್ನ ಅಕ್ಕ. ಹೊಳೆದಂಡೆಯ ಹೆಣ್ಣುಮಕ್ಕಳಿಗೆ ನೀರು ಗೊತ್ತು, ಈಜು ಗೊತ್ತಿಲ್ಲ. ಅಕ್ಕನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಅಕ್ಕನನ್ನು ಬ್ಯಾಡಗಿಗೆ ಕೊಟ್ಟರು, ಖಾರದ ಗಿರಣಿ ಇರುವ ಮನೆಗೆ. ನನ್ನನ್ನು ರಾಣೇಬೆನ್ನೂರಿಗೆ, ಬೀಜದ ಅಂಗಡಿಯವರ ಮನೆಗೆ. ಬೀಜದ ಕಂಪನಿಯವರು ಚೆನ್ನಾಗಿ ಮಾರಿದ ಅಂಗಡಿಯವರನ್ನು ಹೆಂಡತಿ ಸಮೇತ ಪರದೇಶಕ್ಕೆ ತಿರುಗಾಟ ಕರೆದುಕೊಂಡು ಹೋಗುತ್ತಾರೆ. ಮೊದಲೆಲ್ಲ ಬ್ಯಾಂಕಾಕ್ ಎನ್ನುತ್ತಿದ್ದರು. ಆ ವರ್ಷ ಇಂಡೋನೇಷ್ಯಾ ಬಂತು. ನಮ್ಮ ಮನೆಯವರಿಗೆ ಅದೇ ಆಗ ಕಣ್ಣಿನ ಆಪರೇಷನ್ ಆಗಿತ್ತು. ಕರಿ ಕನ್ನಡಕ ಹಾಕಿಕೊಂಡು ಗಲ್ಲೆಯ ಮೇಲೆ ಕೂತವರೇ ತೀರ್ಮಾನ ಹೇಳಿಬಿಟ್ಟರು.

"ನನ್ನ ಬದಲಿ ನಿಮ್ಮಕ್ಕನ್ನ ಕರ್ಕೊಂಡು ಹೋಗು. ನೀ ಎಲ್ಲಾದಕ್ಕೂ ಅಂಜತಿ, ಆಕಿ ಯಾದಕ್ಕೂ ಅಂಜಂಗಿಲ್ಲ. ಇಬ್ರೂ ಕೂಡಿದ್ರ ಒಬ್ಬ ಮನಷ್ಯಾನಷ್ಟು ಧೈರ್ಯ ಆಗತೈತಿ."

ಅಕ್ಕನಿಗೆ ಫೋನ್ ಮಾಡಿದರೆ ಗಿರಣಿಯ ಸದ್ದಿನಲ್ಲೇ ಕೂಗಿದಳು. "ಹೂಂ ಅಂದೇನಿ ಅಂತ ಹೇಳು! ವಿಮಾನದಾಗ ಕಿಡಕಿ ಬಾಜೂಕ ನಾ ಕುಂದ್ರಾಕಿ, ಈಗ ಹೇಳಿರತೇನಿ!"

ಅಲ್ಲಿಯ ದೊಡ್ಡ ದ್ವೀಪವೊಂದರಲ್ಲಿ ಎರಡು ದಿನ ದೇವಸ್ಥಾನ, ಅಂಗಡಿ, ಬೆಲೆ ಕೇಳಿ ಬಿಡುವುದು ಎಲ್ಲ ಆಯಿತು. ಮೂರನೆಯ ದಿನ ಬೆಳಕು ಹರಿಯುವಾಗಲೇ ನಮ್ಮನ್ನು ಮೋಟಾರು ದೋಣಿಯೊಂದಕ್ಕೆ ಹತ್ತಿಸಿದರು. ದೂರದ ಸಣ್ಣ ದ್ವೀಪವೊಂದಕ್ಕೆ ಹೋಗುವುದು, ಎರಡು ರಾತ್ರಿ ಅಲ್ಲಿದ್ದು ಆಮೇಲೆ ಬಿಟ್ಟು ಬರುವುದು. ಆ ದ್ವೀಪದ ಹೆಸರು ನನ್ನ ನಾಲಿಗೆಗೆ ಆಗಲೂ ಹೊರಳಲಿಲ್ಲ, ಈಗಲೂ ಹೊರಳುವುದಿಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ಸುತ್ತ ನೀರು ಬಿಟ್ಟು ಬೇರೇನೂ ಕಾಣಲಿಲ್ಲ. ನಾನು ಕಟ್ಟಿಕೊಂಡು ಹೋಗಿದ್ದ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಯನ್ನು ಅಕ್ಕ ದೋಣಿಯಲ್ಲಿದ್ದವರಿಗೆಲ್ಲ ಹಂಚಿದಳು. ನನಗೆ ಒಂದು ತುಣುಕೂ ಇಳಿಯಲಿಲ್ಲ. ದಂಡೆ ಕಾಣದ ನೀರನ್ನು ನಾನು ಹಿಂದೆ ನೋಡಿರಲಿಲ್ಲ.

ದ್ವೀಪ ಕಂಡಾಗ ಇನ್ನಷ್ಟು ಹೆದರಿಕೆಯಾಯಿತು. ಕಣದಲ್ಲಿ ಸುರುವಿದ ಕಾಳಿನ ರಾಶಿಯ ಹಾಗೆ ಒಂದೇ ಗುಡ್ಡ, ಸಮುದ್ರದೊಳಗಿಂದ ನೇರ ಎದ್ದು ನಿಂತಿದೆ. ತುದಿಯಿಂದ ಹೊಗೆ ಹೋಗುತ್ತಿದೆ. ಬುಡದಲ್ಲಿ ಒಂದಿಷ್ಟು ತೆಂಗಿನ ಮರ, ಹತ್ತಾರು ಮನೆ, ಕರಿ ಮರಳಿನ ದಂಡೆ. ದಂಡೆಯ ಮುಂದೆ ನೀರಿನಡಿ ಸುತ್ತಲೂ ಹವಳದ ಬಂಡೆ. ಪಟಾಕಿ ಸುಟ್ಟ ಮೇಲೆ ಉಳಿಯುವಂಥ ವಾಸನೆ ದೂರದಿಂದಲೇ ಮೂಗಿಗೆ ಬಂತು.

"ಇದು ಸಿಡೀತೇನ್ರಿ?" ಎಂದು ನಾನು ಹಾವೇರಿಯ ಒಬ್ಬ ಅಂಗಡಿಯವರನ್ನು ಕೇಳಿದೆ. ಅವರು ಮುಸಲ್ಮಾನರು, ಗೊಬ್ಬರ ಮತ್ತು ಬೀಜ ಎರಡರ ವ್ಯಾಪಾರ, ನಮ್ಮ ಮನೆಯವರಿಗೆ ಹಳೆಯ ಗೆಳೆಯರು. ಅವರು ನಮ್ಮನ್ನು ತಿರುಗಾಡಿಸುತ್ತಿದ್ದ ಅಲ್ಲಿಯ ಗೈಡಿನ ಹತ್ತಿರ ಹಿಂದಿಯಲ್ಲೂ ಅರ್ಧಮರ್ಧ ಇಂಗ್ಲಿಷಿನಲ್ಲೂ ವಿಚಾರಿಸಿ ಬಂದರು.

"ಅಂಜಬ್ಯಾಡ್ರಿ ಅಕ್ಕಾರ. ಅವರಜ್ಜನ ಕಾಲದಿಂದನೂ ಹಿಂಗ ಹೊಗಿ ಬರತೈತಂತ. ಹೊಗಿ ಬರಾಕತ್ತಿದ್ರ ಛಲೋ ಅಂತ್ರಿ. ನಿಂತ್ರ ಅಷ್ಟ ವಿಚಾರ ಮಾಡಬೇಕಂತ."

ಅವರು ನನಗೆ ಸಮಾಧಾನವಾಗಲಿ ಎಂದೇ ಹೇಳಿದ್ದು. ಆದರೆ ಆ ಮಾತು ಕೇಳಿದ ಮೇಲೆ ನಾನು ಹೊಗೆಯಿಂದ ಕಣ್ಣು ತೆಗೆಯಲಿಲ್ಲ. ಊಟಕ್ಕೆ ಕೂತರೂ ಹೊಗೆ, ಹೊರಗೆ ಹೋದರೂ ಹೊಗೆ. ನಮಗೆ ಕೊಟ್ಟ ಬಿದಿರಿನ ಗುಡಿಸಲಿನ ಬಾಗಿಲಿಂದ ಗುಡ್ಡ ನೆಟ್ಟಗೆ ಕಾಣುತ್ತಿತ್ತು. ಮಲಗುವ ಮುಂಚೆ ನೆಲಕ್ಕೆ ಅಂಗೈ ಊರಿ ನೋಡಿದೆ, ಬಿಸಿಯಾಗಿದೆಯೋ ಎಂದು.

"ಏನ್ ಬೇ, ರೊಟ್ಟಿಹಂಚು ಮುಟ್ಟಿದಂಗ ಮುಟ್ಟಿ ನೋಡಾಕತ್ತೀದಿ," ಎಂದು ಅಕ್ಕ ನಕ್ಕಳು. "ಕಾದ್ರ ನಾನ ಎಬ್ಬಸ್ತೇನಿ, ಮಲಕೋ."

ಮರುದಿನ ಬೆಳಗ್ಗೆ ಉಳಿದವರೆಲ್ಲ ಗೈಡಿನ ಜೊತೆ ಗುಡ್ಡ ಹತ್ತಲು ಹೊರಟರು. ಹತ್ತುವವರಿಗೆ ಗೈಡು ಬಹಳ ಹೊತ್ತು ತಿಳಿಸಿ ಹೇಳಿದ: ಎಲ್ಲಿ ಕಾಲಿಡಬಾರದು, ಮೂಗಿಗೆ ಬಟ್ಟೆ ಹೇಗೆ ಕಟ್ಟಬೇಕು. ದಂಡೆಯಲ್ಲಿ ಉಳಿಯುವ ನಮ್ಮಿಬ್ಬರಿಗೆ ಏನೂ ಹೇಳಲಿಲ್ಲ. ದಂಡೆಯಲ್ಲಿ ಕೂತವರಿಗೆ ಹೇಳುವುದೇನಿದೆ ಎಂದುಕೊಂಡಿರಬೇಕು.

ಅವರು ಹೋದ ಮೇಲೆ ಅಕ್ಕ ಸ್ನಾನ ಮಾಡಿ ಬಂದಳು. ಹಸಿರು ಇಳಕಲ್ ಸೀರೆ ಉಟ್ಟಳು. ಚೀಲದಿಂದ ಒಂದು ಗಂಟು ತೆಗೆದಳು. ಖಣ, ಅಕ್ಕಿ, ಅರಿಷಿಣ ಬೇರು, ಅಡಿಕೆ, ಹಸಿರು ಬಳೆ, ಒಣ ಕೊಬ್ಬರಿ ಬಟ್ಟಲು. ನಮ್ಮ ಕಡೆ ಹೊಸ ನೀರು ದಾಟಿದ ಹೆಣ್ಣುಮಗಳು ನೀರಿನ ತಾಯಿ ಗಂಗವ್ವನ ಉಡಿ, ಅಂದರೆ ಮಡಿಲು, ತುಂಬದೆ ವಾಪಸು ಬರುವುದಿಲ್ಲ. ಉಡಿಯ ಸಾಮಾನನ್ನು ಎಲ್ಲೆಂದರಲ್ಲಿ ಬಿಡುವ ಹಾಗೂ ಇಲ್ಲ. ಮಂದಿಯ ಕಾಲು ತಾಗದ ಕಡೆ, ನೆಲ ಕಾಣದಷ್ಟು ಆಳದ ನೀರಿಗೆ ಬಿಡಬೇಕು.

"ಇಲ್ಲೇ ದಂಡಿಗೆ ಬಿಡು ಅಕ್ಕಾ," ಎಂದೆ.

"ಇಲ್ಲೆ? ಇಲ್ಲಿ ನೀರ ಎಲ್ಲೈತಿ?"

ಅವಳು ಹೇಳಿದ್ದು ಖರೆ. ಹಿಂದಿನ ದಿನ ಮೋಟಾರು ದೋಣಿಯಿಂದ ನಮ್ಮನ್ನು ಇಳಿಸಿ ತಂದ ಸಣ್ಣ ದೋಣಿ ತೇಲಿ ಬಂದಿದ್ದ ಜಾಗದಲ್ಲಿ ಈಗ ನೀರು ಇರಲಿಲ್ಲ. ಸಮುದ್ರ ಹಿಂದೆ ಸರಿದು ಹವಳದ ಬಂಡೆಯೆಲ್ಲ ಬಯಲಿಗೆ ಬಿದ್ದಿತ್ತು. ದಂಡೆಯ ಹತ್ತಿರ ಒಂದು ತಗ್ಗು, ಅದರಲ್ಲಿ ಹರಡುಮಟ್ಟ ನೀರು, ಪಾದದ ಗಂಟು ಮುಳುಗುವಷ್ಟು. ಅದರಾಚೆ ಬಂಡೆ ಸಾವಕಾಶ ಏರುತ್ತ ಹೋಗಿ ದೂರದಲ್ಲಿ ಹೊಲದ ಬದುವಿನಂತೆ ಎತ್ತರವಾಗಿತ್ತು. ಬದುವಿನ ಆಚೆಗೆ ಕಡು ನೀಲಿ. ಊರಿನ ಹೆಂಗಸರು ಬುಟ್ಟಿ ಹಿಡಿದು ಬಂಡೆಯ ಮೇಲೆ ಬಗ್ಗಿ ಬಗ್ಗಿ ಚಿಪ್ಪು ಆಯುತ್ತಿದ್ದರು. ಕೈಯಲ್ಲಿ ಕಬ್ಬಿಣದ ಸಲಾಕೆ, ತಲೆಗೆ ಹುಲ್ಲಿನ ಟೊಪ್ಪಿಗೆ. ನಮ್ಮ ಕಡೆ ಶೇಂಗಾ ಹೊಲದಲ್ಲಿ ಹಕ್ಕಲು ಆಯುವವರ ಹಾಗೆಯೇ ಕಂಡರು.

ಅಕ್ಕ ಸೊಂಟದ ಮೇಲೆ ಕೈಯಿಟ್ಟು ಆಕಾಶ ನೋಡಿದಳು. ಒಂದು ಎಳೆ ಮೋಡವಿಲ್ಲ.

"ಮಳಿಲ್ಲ, ಮೋಡಿಲ್ಲ. ನಮ್ಮ ಹೊಳಿಕಿಂತ ಸಪಾಟ ಐತಿ. ಬಾ, ಆ ಬದುವಿನ ಮಟ ಹೋಗಿ ಬರೂಣು."

ನಾನು ಅವಳ ಹಿಂದೆ ತಗ್ಗು ದಾಟಿದೆ. ಕಾಲಡಿಯಲ್ಲಿ ಹವಳ ಸಂಡಿಗೆಯಂತೆ ಕರಕರ ಎಂದಿತು. ಸಣ್ಣ ಹೊಂಡಗಳಲ್ಲಿ ಹಳದಿ ಮೀನು, ಉದ್ದ ಮುಳ್ಳಿನ ಕರಿ ಉಂಡೆ, ಬೆರಳಿಟ್ಟರೆ ಮುದುಡುವ ಹೂವಿನಂಥದ್ದು. ಎಲ್ಲಿ ಏನು ಕಚ್ಚುತ್ತದೋ ಎಂದು ಮುಂದೆ ಹೆಜ್ಜೆ ಏಳಲಿಲ್ಲ.

"ಇದ ಏನ್ ಹವಳ?" ಅಕ್ಕ ಒಂದು ತುಂಡನ್ನು ಹೊರಳಿಸಿ ನೋಡಿದಳು. "ಹೂಕೋಸಿನಂಗ ಐತಿ. ಸರಾಫನ ಕಡೆ ಒಯ್ದರ ಹೊರಗ ಹಾಕ್ತಾನ."

"ನಾ ಮುಂದ ಬರಂಗಿಲ್ಲ ಅಕ್ಕಾ. ನೀನೂ ಬ್ಯಾಡ."

"ಹೋಗು, ನಿನ್ನ ಗುಡ್ಡ ಕಾಯ್ಕೊಂಡು ಕುಂದ್ರು, ಅಂಜಬುರಕಿ. ಹೊಗಿ ನಿಂತ್ರ ಕೂಗು, ಬಂದು ಊದಿ ಹೊತ್ತಿಸಿ ಕೊಡ್ತೇನಿ."

ನಾನು ದಂಡೆಗೆ ಮರಳಿ ಚಪ್ಪಲಿಯನ್ನು ನೀರಿನಂಚಿಗೆ ಬಿಟ್ಟು ಮರಳಲ್ಲಿ ಕೂತೆ. ಅಕ್ಕ ಸೀರೆ ಎತ್ತಿ ಕಟ್ಟಿ, ಗಂಟನ್ನು ಕಂಕುಳಲ್ಲಿ ಹಿಡಿದು ದೂರ ದೂರ ನಡೆದಳು. ಬದುವಿನ ಮೇಲೆ ಹೋಗಿ ಕೂತು, ತಲೆ ತುಂಬ ಸೆರಗು ಹೊದ್ದು, ಖಣ ಬಿಚ್ಚಿದ್ದು ಕಂಡಿತು. ಊರಿನ ಹೆಂಗಸರು ಆಗಲೇ ಒಬ್ಬರ ಹಿಂದೊಬ್ಬರು ದಂಡೆಗೆ ಬರುತ್ತಿದ್ದರು. ಬುಟ್ಟಿ ತುಂಬಿತು, ಮನೆಗೆ ಹೊರಟರು ಎಂದುಕೊಂಡೆ. ಕೊನೆಯವಳು, ನನ್ನ ವಯಸ್ಸಿನವಳೇ, ನಿಂತು ಅಕ್ಕನ ಕಡೆ ಏನೋ ಕೂಗಿದಳು. ಆಮೇಲೆ ನನ್ನತ್ತ ನೋಡಿ ಏನೋ ಅಂದಳು. ನಾನು ಕೈಮುಗಿದೆ. ಅವಳು ಇನ್ನೊಮ್ಮೆ ಹಿಂದಿರುಗಿ ನೋಡಿ, ಬುಟ್ಟಿ ಹೊತ್ತು ತೆಂಗಿನ ಮರಗಳ ಕಡೆ ಹೋದಳು.

ಅಷ್ಟರಲ್ಲಿ ಗುಡ್ಡದ ಹೊಗೆ ನಿಂತಿತು.

ನಿಂತಿತ್ತೋ, ಗಾಳಿ ತಿರುಗಿ ಆಚೆ ಮಗ್ಗುಲಿಗೆ ಹೊರಟಿತ್ತೋ ಗೊತ್ತಿಲ್ಲ. ನನ್ನ ಕಣ್ಣಿಗೆ ತುದಿ ಬೋಳಾಗಿ ಕಂಡಿತು. ನಾನು ಎದ್ದು ನಿಂತೆ, ಸಮುದ್ರಕ್ಕೆ ಬೆನ್ನು ಕೊಟ್ಟು. ಮೇಲೆ ನಮ್ಮವರೆಲ್ಲ ಇದ್ದಾರೆ. ನೆಲ ನಡುಗುತ್ತಿದೆಯೇ ಎಂದು ಅಂಗಾಲಿನಿಂದ ಆಲಿಸಿದೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಕೊನೆಗೆ ತುದಿಯ ಮೇಲೆ ಬೂದಿ ಬಣ್ಣದ ಒಂದು ಎಳೆ ಮತ್ತೆ ಎದ್ದಾಗ ಉಸಿರು ಬಿಟ್ಟೆ. ಆಗ ಹಿಮ್ಮಡಿಗೆ ತಣ್ಣಗೆ ಏನೋ ತಾಗಿತು.

ತಿರುಗಿ ನೋಡಿದರೆ ನನ್ನ ಚಪ್ಪಲಿ ತೇಲುತ್ತಿತ್ತು.

ಸದ್ದಿಲ್ಲ. ನೊರೆಯಿಲ್ಲ. ಬಣ್ಣ ಬದಲಾಗಿಲ್ಲ. ನಾವು ಹರಡು ನೆನೆಸಿಕೊಂಡು ದಾಟಿದ್ದ ತಗ್ಗು ಈಗ ಅಗಲವಾಗಿ, ತಿಳಿಯಾಗಿ, ತುಂಬಿ ನಿಂತಿತ್ತು. ಅದರಾಚೆ ಬಂಡೆಯ ಅರ್ಧ ಮುಳುಗಿತ್ತು. ಬದು ಎತ್ತರದಲ್ಲಿತ್ತು, ಅದೊಂದೇ ಒಣಗಿತ್ತು. ಅದರ ಮೇಲೆ ಅಕ್ಕ, ನೀಲಿ ನೀರಿಗೆ ಮುಖ ಮಾಡಿ ಕೂತು ಬಳೆಗಳನ್ನು ಒಂದೊಂದಾಗಿ ಬಿಡುತ್ತಿದ್ದಳು. ಬದುವಿನ ಸಂದಿಗಳಿಂದ ನುಸುಳಿದ ನೀರು ಅವಳ ಹಿಂದಿನಿಂದ ಬಂದಿತ್ತು. ಅವಳಿಗೂ ನನಗೂ ನಡುವೆ.

ಸಮುದ್ರ ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ ಎಂದು ಶಾಲೆಯಲ್ಲಿ ನಾನೂ ಓದಿದ್ದೆ. ಉಬ್ಬರ ಇಳಿತ ಎಂದು ಪರೀಕ್ಷೆಯಲ್ಲಿ ಬರೆದಿದ್ದೆ. ಹೊಳೆಯ ಊರಿನಲ್ಲಿ ಕೂತು ಬರೆದ ಆ ಮಾತು ಕಾಲಿಗೆ ಇಳಿದಿರಲಿಲ್ಲ.

"ಅಕ್ಕಾ! ಏ ಅಕ್ಕಾ! ನೀರು!"

ಗಾಳಿ ಅವಳ ಕಡೆಯಿಂದ ನನ್ನ ಕಡೆಗೆ ಬೀಸುತ್ತಿತ್ತು. ಅವಳು ಏನೋ ಕೇಳಿಸಿದಂತೆ ತಲೆಯೆತ್ತಿದಳು. ಗುಡ್ಡದ ಸಲುವಾಗಿ ನಾನು ಗೋಳಿಡುತ್ತಿದ್ದೇನೆ ಎಂದುಕೊಂಡು ತಿರುಗದೆಯೇ ಕೈ ಬೀಸಿದಳು. ಆಮೇಲೆ ಆಕಾಶ ನೋಡಿದಳು, ಎದುರಿನ ನೀರು ನೋಡಿದಳು. ಅವಳು ಏನು ನೋಡುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಮೋಡ ನೋಡುತ್ತಿದ್ದಳು, ಮೇಲುಹೊಳೆ ಹುಡುಕುತ್ತಿದ್ದಳು. ಎರಡೂ ಕಡೆ ಹೆದರಿಕೆಯಿಲ್ಲವೆಂದು ಕಂಡು ಮತ್ತೆ ಬಗ್ಗಿ ಅಕ್ಕಿ ಬಿಡತೊಡಗಿದಳು.

ನಾನು ನೀರಿಗೆ ಇಳಿದೆ. ಮೊಣಕಾಲು, ತೊಡೆ, ಸೊಂಟ. ಕಾಲಡಿಯ ಹವಳ ಜಾರಿತು. ಕೂಗುತ್ತಲೇ ಇದ್ದೆ. ಬದುವಿನ ಮೇಲೆ ಮೊದಲ ಅಲೆ ಹಾಯ್ದು ಅವಳ ಮಡಿಲನ್ನು ತೋಯಿಸಿದಾಗ ಅಕ್ಕ ಎದ್ದಳು, ತಿರುಗಿದಳು. ಅಷ್ಟು ದೂರದಿಂದ ಮುಖ ಕಾಣಲಿಲ್ಲ. ಆದರೆ ಅವಳು ನಿಂತ ರೀತಿ ಕಂಡಿತು. ಎರಡೂ ಕೈ ಅಗಲಿಸಿ, ಎಲ್ಲಿ ಕಾಲಿಡುವುದೆಂದು ತಿಳಿಯದೆ. ನನ್ನ ಅಕ್ಕ ಹಾಗೆ ನಿಂತದ್ದನ್ನು ನಾನು ಹುಟ್ಟಿದಂದಿನಿಂದ ನೋಡಿರಲಿಲ್ಲ.

ಈ ಕಡೆಗೆ ಹೆಜ್ಜೆ ಇಟ್ಟಳು. ಸೊಂಟದವರೆಗೆ ಇಳಿದಳು. ಮುಗ್ಗರಿಸಿದಳು, ಮತ್ತೆ ಬದುವಿಗೆ ಹತ್ತಿದಳು. ಹಿಂದಿನಿಂದ ಅಲೆ, ಮುಂದೆ ತುಂಬಿದ ತಗ್ಗು. ಅವಳ ಕೂಗು ಗಾಳಿಯ ಮೇಲೆ ತುಂಡು ತುಂಡಾಗಿ ಬಂತು. ಕಾಪಾಡು ಎಂದು ಕೂಗುತ್ತಿದ್ದಾಳೆ ಎಂದುಕೊಂಡೆ. ಕಿವಿಗೊಟ್ಟರೆ ಅವಳು ಕೂಗುತ್ತಿದ್ದುದು, "ನೀ ಬರಬ್ಯಾಡ! ಹಿಂದಕ ಹೋಗು! ನೀ ಬರಬ್ಯಾಡ!"

ಯಾರೋ ನನ್ನ ತೋಳು ಹಿಡಿದು ಜಗ್ಗಿದರು. ಆಗಲೇ ಕೂಗಿ ಹೋಗಿದ್ದ ಆ ಹೆಂಗಸು. ನನ್ನನ್ನು ಎಳೆದು ದಂಡೆಗೆ ತಳ್ಳಿ, ಒದರುತ್ತ ಮನೆಗಳ ಕಡೆ ಓಡಿದಳು. ನಾನು ಅಲ್ಲೇ ನೀರಿನಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತೆ. ದೇವರ ಹೆಸರು ಒಂದೂ ನೆನಪಾಗಲಿಲ್ಲ. ನೆನಪಾದದ್ದು ಅಕ್ಕನ ಗಂಡನ ಮುಖ. ಬ್ಯಾಡಗಿಗೆ ಹೋಗಿ ಅವರ ಮುಂದೆ ಏನೆಂದು ನಿಲ್ಲಲಿ? ನೀರು ಅಕ್ಕನ ಸೊಂಟಕ್ಕೆ ಬಂತು, ಎದೆಗೆ ಬಂತು. ಪ್ರತಿ ಅಲೆಗೂ ಅವಳು ಕಾಣೆಯಾಗುತ್ತಿದ್ದಳು, ಮತ್ತೆ ಬರುತ್ತಿದ್ದಳು.

ಇಬ್ಬರು ಗಂಡಸರು ಮತ್ತು ಆ ಹೆಂಗಸು ಒಂದು ಕಿರಿ ದೋಣಿಯನ್ನು ಹೊತ್ತು ತಂದರು. ಎರಡೂ ಮಗ್ಗುಲಿಗೆ ಬಿದಿರು ಕಟ್ಟಿದ ತೆಳ್ಳನೆಯ ದೋಣಿ. ನೀರಿಗೆ ಬಿಟ್ಟು ಹುಟ್ಟು ಹಾಕಿದರು. ಅವರು ನಡುವಿನಲ್ಲಿದ್ದಾಗ ದೊಡ್ಡ ಅಲೆಯೊಂದು ಬಂತು. ಅದು ಹೋದ ಮೇಲೆ ಬದುವಿನ ಮೇಲೆ ಯಾರೂ ಇರಲಿಲ್ಲ.

ಹಸಿರು ಸೀರೆ ಮಾತ್ರ ಹರವಿಕೊಂಡು ತೇಲುತ್ತಿತ್ತು.

ಆ ಹೆಂಗಸು ದೋಣಿಯಿಂದ ಸೀರೆಯ ಪಕ್ಕಕ್ಕೇ ಧುಮುಕಿದಳು. ನೀರು ಅಲುಗಿತು, ಸೀರೆ ಒಳಕ್ಕೆ ಹೋಯಿತು, ಮತ್ತೆ ಮೇಲೆ ಬಂತು. ಆಮೇಲೆ ಎರಡು ತಲೆ ಎದ್ದವು. ಸೆರಗು ಹವಳಕ್ಕೆ ಸಿಕ್ಕಿತ್ತಂತೆ. ಅಕ್ಕ ಅದನ್ನು ಬಿಡಿಸಿಕೊಳ್ಳುತ್ತಿದ್ದಳೇ ಹೊರತು ಬಿಚ್ಚಿ ಬಿಡಲಿಲ್ಲ. ಕಂಡರಿಯದ ಗಂಡಸರ ಮುಂದೆ ಸೀರೆ ಬಿಡುವುದು ಅವಳ ಕೈಗೆ ಬರಲಿಲ್ಲ. ಆ ಹೆಂಗಸೇ ಮುಳುಗಿ ನೆರಿಗೆ ಕಿತ್ತು, ಅವಳನ್ನು ಸೀರೆಯಿಂದ ಬಿಡಿಸಿ ಮೇಲೆ ತಂದಿದ್ದಳು.

ದೋಣಿ ದಂಡೆಗೆ ಬಂದಾಗ ಅಕ್ಕ ಲಂಗ ಮತ್ತು ಕುಪ್ಪಸದಲ್ಲಿ ಮುದುಡಿ ಬಿದ್ದಿದ್ದಳು. ಅಂಗೈ, ಮೊಣಕಾಲು, ಅಂಗಾಲು ಎಲ್ಲ ಹವಳ ಕೊಯ್ದು ರಕ್ತ. ಕಾರಿಕೊಂಡಳು. ಆ ಹೆಂಗಸು ಗಾಯಗಳಿಗೆ ನಿಂಬೆಹಣ್ಣು ಹಿಂಡಿದಳು. ನೋಡುವ ನನಗೇ ಉರಿಯಿತು. ಅಕ್ಕ ಅಯ್ಯೋ ಎನ್ನಲಿಲ್ಲ. ಗಿರಣಿಯ ಸದ್ದಿನ ಮೇಲೂ ಕೇಳಿಸುವ ಬಾಯಿ ಅವಳದು. ಅದು ಮುಚ್ಚಿದ್ದು ನೋಡಿ ನನಗೆ ಹೆದರಿಕೆ ಹೊಸದಾಗಿ ಶುರುವಾಯಿತು.

ಮಧ್ಯಾಹ್ನ ಗುಡ್ಡದಿಂದ ಇಳಿದ ಹಾವೇರಿಯವರು ಗುಡಿಸಲ ಬಾಗಿಲಲ್ಲಿ ನಿಂತು ತಲೆ ಹಿಡಿದುಕೊಂಡರು.

"ಏನ್ರಿ ಅಕ್ಕಾರ ಇದು! ಸಮುದ್ರ ದಿನಾ ಏರಿ ಇಳೀತೈತ್ರಿ. ಯಾರೂ ಹೇಳಲಿಲ್ಲೇನು ನಿಮಗ?"

"ಹೇಳಲಿಲ್ರಿ. ನಾವೂ ಕೇಳಲಿಲ್ಲ."

ಅವರು ಆ ಹೆಂಗಸಿನ ಕಡೆ ತಿರುಗಿ ಸಲಾಮು ಮಾಡಿದರು. ಅವಳು ಉತ್ತರ ಕೊಟ್ಟು, ಅಕ್ಕನನ್ನು ತೋರಿಸಿ ಏನೋ ಹೇಳಿದಳು. "ಸಲಾಮತ್ ಅಂದಂಗಾತು," ಎಂದರು ಅವರು, ಕಣ್ಣೊರೆಸಿಕೊಂಡು. "ಉಳಿದಾಳ ಅಂತಾಳ್ರಿ."

ಸಂಜೆಗೆ ಅಕ್ಕನಿಗೆ ಜ್ವರ ಬಂತು. ಅಲ್ಲಿ ಡಾಕ್ಟರಿಲ್ಲ. ನನ್ನ ಚೀಲದಲ್ಲಿದ್ದ ಜ್ವರದ ಗುಳಿಗೆ ಕೊಟ್ಟೆ. ಮೈ ಒರೆಸುತ್ತ ಕೂತೆ. ಗುಡ್ಡ ಬಾಗಿಲ ಎದುರೇ ಇತ್ತು, ಒಮ್ಮೆಯೂ ನೋಡಲಿಲ್ಲ.

ಬೆಳಗಾದಾಗ ಜ್ವರ ಇಳಿದಿತ್ತು. ಸಮುದ್ರವೂ ಇಳಿದಿತ್ತು. ಬಂಡೆ ಮತ್ತೆ ಬಯಲಿಗೆ ಬಿದ್ದಿತ್ತು, ತಗ್ಗಿನಲ್ಲಿ ಹರಡುಮಟ್ಟ ನೀರು, ಹೆಂಗಸರ ಕೈಯಲ್ಲಿ ಬುಟ್ಟಿ. ಅಕ್ಕ ಬಾಗಿಲಿಗೆ ಬಂದು ಕಂಬ ಹಿಡಿದು ನಿಂತು ನೋಡಿದಳು. ನೀರಿನಿಂದ ಬಂದ ಮೇಲೆ ಅವಳು ಆಡಿದ ಮೊದಲ ಮಾತು ಇದು. "ನೋಡ, ಏನೂ ಆಗೇ ಇಲ್ಲದಂಗ ಬಿದ್ದೈತಿ."

ನಮ್ಮ ಮೋಟಾರು ದೋಣಿ ಹವಳದ ಬದುವಿನ ಆಚೆ ನಿಂತಿತ್ತು. ಅಲ್ಲಿಗೆ ಸಣ್ಣ ದೋಣಿಯಲ್ಲೇ ಹೋಗಬೇಕು. ಸಣ್ಣ ದೋಣಿ ತೇಲಬೇಕಾದರೆ ನೀರು ಏರಬೇಕು. ಎಲ್ಲರೂ ಚೀಲ ಹಿಡಿದು ದಂಡೆಯಲ್ಲಿ ಕೂತು, ಅದೇ ನೀರು ಬರಲಿ ಎಂದು ಕಾದೆವು. ಈ ಸಲ ಬರುವುದನ್ನು ಕಣ್ಣಾರೆ ನೋಡಿದೆ. ಮೊದಲು ತಗ್ಗಿನ ಅಂಚು ಅಗಲವಾಯಿತು. ಒಂದು ಕಲ್ಲು ಇತ್ತು, ಆಮೇಲೆ ಇರಲಿಲ್ಲ. ಅಕ್ಕ ನನ್ನ ಕೈಯನ್ನು ಎಷ್ಟು ಗಟ್ಟಿ ಹಿಡಿದಿದ್ದಳೆಂದರೆ ಬಳೆ ಒಳಗೆ ಒತ್ತಿತು.

ದೋಣಿ ಬಂತು. ಎಲ್ಲರೂ ಹತ್ತಿದರು.

"ನಾ ಒಲ್ಲೆ," ಎಂದಳು ಅಕ್ಕ. "ನೀ ಹೋಗು. ನಾ ಇಲ್ಲೇ ಇರತೇನಿ."

"ಹಿಂಗ್ಯಾಕ ಮಾತಾಡ್ತಿ? ಇಲ್ಲಿ ಏನ್ ತಿಂತಿ?"

"ಇವರು ತಿಂತಾರಲ್ಲ, ಅದನ್ನ."

"ಮೀನ ತಿಂತಾರ ಇವರು."

"ಮೀನನ್ನ ತಿಂತೇನಿ."

ಬೀಗರ ಮನೆಯಲ್ಲಿ ಕೋಳಿಯ ತತ್ತಿ ಬೇಯಿಸಿದ ಪಾತ್ರೆ ಇದೆಯೆಂದು ನೀರು ಸಹ ಕುಡಿಯದೆ ಎದ್ದು ಬಂದವಳು ನನ್ನ ಅಕ್ಕ. ಅವಳು ನಗೆಗೆ ಹೇಳುತ್ತಿಲ್ಲ ಎಂಬುದು ನನಗೆ ತಿಳಿಯಿತು. ಹಾವೇರಿಯವರು ದೋಣಿಯಿಂದ, "ಬರ್ರಿ ಅಕ್ಕಾರ, ಲಗೂನ ಬರ್ರಿ, ನೀರ ಹೆಚ್ಚಾಗಾಕತ್ತೈತಿ," ಎಂದದ್ದೇ ತಡ, ಅವಳ ಕಾಲು ಮರಳಿನಲ್ಲಿ ಇನ್ನಷ್ಟು ಊರಿಕೊಂಡಿತು.

ಯಾರಾದರೂ ನನ್ನನ್ನು ಕರೆದುಕೊಂಡು ಹೋಗಲಿ ಎಂದು ಜೀವಮಾನವಿಡೀ ಕಾದು ನಿಂತವಳು ನಾನು. ಅಲ್ಲಿ ಕರೆದುಕೊಂಡು ಹೋಗುವವರು ಬೇರೆ ಯಾರೂ ಇರಲಿಲ್ಲ.

"ಅಕ್ಕಾ, ಸೆರಗು ಮುಖದ ಮ್ಯಾಲ ಹಾಕ್ಕೋ. ನೀ ನೋಡಬ್ಯಾಡ, ನಾ ನೋಡ್ತೇನಿ. ಎಷ್ಟ ನೀರೈತಿ ಅಂತ ಹೇಳ್ಕೋತ ಬರತೇನಿ. ಹೆಚ್ಚಾದ್ರ ವಾಪಸ್ ತಿರುಗಿಸೂಣು."

"ಖರೇನ ಹೇಳಬೇಕು."

"ಖರೇನ ಹೇಳ್ತೇನಿ."

ಅವಳು ಕಣ್ಣು ಮುಚ್ಚಿ, ನನ್ನ ಸೀರೆಯ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಇಬ್ಬರು ಗಂಡಸರು ಅವಳನ್ನು ಎತ್ತಿ ಕೂರಿಸಿದರು, ನಾನು ಪಕ್ಕಕ್ಕೇ ಹತ್ತಿದೆ. ಆ ಊರಿನ ಹೆಂಗಸು ನೀರಿನಲ್ಲಿ ಸ್ವಲ್ಪ ದೂರ ದೋಣಿ ಹಿಡಿದುಕೊಂಡೇ ಬಂದು ಕೈ ಬಿಟ್ಟಳು.

"ಎಷ್ಟೈತಿ?"

"ಹರಡುಮಟ."

ಕೆಳಗೆ ಹವಳ ಸ್ಪಷ್ಟವಾಗಿ ಕಾಣುತ್ತಿತ್ತು. ಬಿಳಿ, ಕಂದು, ನೇರಳೆ. ಬದುವಿನ ಸಂದಿಗೆ ಬಂದಾಗ ದೋಣಿ ಎದ್ದು ಕೂತಿತು. ಅಕ್ಕ ನನ್ನ ತೊಡೆಯನ್ನು ಚಿವುಟಿ ಹಿಡಿದಳು.

"ಈಗ?"

"ಮೊಣಕಾಲಮಟ."

ಅಲ್ಲಿಗೆ ಹವಳ ಮುಗಿಯಿತು. ಗೋಡೆ ಕಡಿದಂತೆ ನೆಟ್ಟಗೆ ಇಳಿದು ಹೋಯಿತು, ಆಮೇಲೆ ಬರೀ ನೀಲಿ, ಅದರ ಕೆಳಗೆ ಕಪ್ಪು. ದೋಣಿಯ ಅಂಚು ಹಿಡಿದ ನನ್ನ ಬೆರಳು ಬೆಳ್ಳಗಾಗಿದ್ದವು.

"ಏ ತಂಗಿ, ಸುಮ್ಮನ್ಯಾಕಾದಿ? ಈಗ ಎಷ್ಟೈತಿ?"

"ಅಷ್ಟ ಐತಿ ಅಕ್ಕಾ," ಎಂದೆ. "ಮೊಣಕಾಲಮಟ."